ಅರ್ಧ ಸಿಗ್ನಲ್ ಮೀಮಾಂಸೆ

ನ್ಯಾಯಶಾಸ್ತ್ರದ ಪಂಚಾವಯವಗಳಿಗೆ ಅನುಸಾರವಾಗಿ, ಅರಸೀಕೆರೆಯ ನಮ್ಮ ಮನೆಯ ಅಟ್ಟದಲ್ಲಿ, ಸಾಲ್ಡರಿಂಗ್ ಐರನ್ನಿನ ಹೊಗೆಯೇ ಧೂಪವಾಗಿ ರಚಿತವಾದ ಪ್ರಬಂಧವಿದು.

ಪ್ರತಿಜ್ಞೆ

ಆಡಿಯೊ ಕಂಪ್ರೆಸರಿನ ಮೂಲಪುರುಷರು ಹೊಯ್ಸಳರು.

ಹೇತು

ಬೇಲೂರಿನ ಬಾಗಿಲಲ್ಲಿ ಸಳ ನಿಂತಿದ್ದಾನೆ. ಹುಲಿ ಎರಗಿತು, ಸುದತ್ತಮುನಿ ‘ಹೊಯ್, ಸಳ’ ಎಂದರು, ಸಳ ಹೊಯ್ದ. ವಿದ್ವಾಂಸರು ಇದನ್ನು ವಂಶದ ಐತಿಹ್ಯವೆಂದು ತಿಳಿದು ಮೋಸಹೋಗಿದ್ದಾರೆ. ವಸ್ತುತಃ ಇದು ಸರ್ಕ್ಯೂಟ್ ಡಯಾಗ್ರಂ. ಹುಲಿಯೇ ಮಿತಿಮೀರಿದ ಸಿಗ್ನಲ್. ಅದು ಎಷ್ಟು ಹತ್ತಿರ ಬಂದರೆ ಮುನಿಗಳು ಬಾಯಿ ಬಿಡುತ್ತಾರೋ ಅದು ಥ್ರೆಶೋಲ್ಡ್. ಮುನಿಗಳು ಡಿಟೆಕ್ಟರ್, ಅವರ ಕೂಗು ಕಂಟ್ರೋಲ್ ವೋಲ್ಟೇಜ್, ಸಳನೇ ಎಫ್‌ಇಟಿ. ಕೂಗಿಗೂ ಹೊಡೆತಕ್ಕೂ ನಡುವಿನ ಹೊತ್ತು ಅಟ್ಯಾಕ್. ರಿಲೀಸ್ ಮಾತ್ರ ವಿವಾದಾಸ್ಪದ: ಕಲ್ಲಿನ ಸಳ ಶತಮಾನಗಳಿಂದ ಕೈ ಇಳಿಸಿಲ್ಲ. ರೇಷಿಯೊ 4:1 ಇಟ್ಟರೆ ಗಡಿ ದಾಟಿದ 4 ಡೆಸಿಬೆಲ್‌ಗೆ ಒಂದೇ ಹೊರಬೀಳುತ್ತದೆ. ಭಜನೆಯಲ್ಲಿ ನಮ್ಮ ಭಾವ ತಾರಕಕ್ಕೇರಿದಾಗ ಬೀದಿಯವರು ಬೇಡುವುದೂ ಇದನ್ನೇ.

ಉದಾಹರಣೆ

ಭಾವನ ನಿಮಿತ್ತ ನಾನೇ ಒಂದು ಪೆಟ್ಟಿಗೆ ಕಟ್ಟಿದೆ. ಥ್ರೆಶೋಲ್ಡನ್ನು ಮೇಲಕ್ಕೆತ್ತಿ, ಅದು ಏನನ್ನೂ ತಗ್ಗಿಸದಂತೆ ಇರಿಸಿ, 1 ಕಿಲೊಹರ್ಟ್ಸ್ ನಾದವನ್ನು 1.23 ವೋಲ್ಟಿನಲ್ಲಿ ಒಳಗೆ ಬಿಟ್ಟೆ. ಸ್ಟುಡಿಯೊ ಶಾಸ್ತ್ರದಲ್ಲಿ ವಿಯು ಮೀಟರಿನ ಸೊನ್ನೆ ಎಂದರೆ ಸೊನ್ನೆಯಲ್ಲ, ಇಷ್ಟು ವೋಲ್ಟು. ಹೊರಗೆ ಮಲ್ಟಿಮೀಟರ್ ಹಿಡಿದರೆ 0.61! ಸರಿಯಾಗಿ ಅರ್ಧ, ಅಂದರೆ 6 ಡೆಸಿಬೆಲ್ ಮಾಯ.

ಐಸಿ ಹೋಗಿದೆ ಎಂಬುದು ಒಂದು ಪಕ್ಷ. ಡ್ರೈ ಸಾಲ್ಡರ್ ಎಂಬುದು ಇನ್ನೊಂದು. ದೃಷ್ಟಿಯಾಗಿದೆ ಎಂಬುದು ಅಮ್ಮನ ಪಕ್ಷ. ನಾನು ಐಸಿ ಬದಲಿಸಿದೆ, ಬೆಸುಗೆಯನ್ನೆಲ್ಲ ಮತ್ತೆ ಕಾಯಿಸಿದೆ, ಅಮ್ಮ ಮೆಣಸಿನಕಾಯಿ ನಿವಾಳಿಸಿದರು. ಮೂರು ಪಕ್ಷಗಳೂ 0.61ರಲ್ಲೇ ನಿಂತವು. ಕೊನೆಗೆ ಔಟ್‌ಪುಟ್ಟಿನ ಪ್ರಿಸೆಟ್ ತಿರುಗಿಸಿ, ಬಲವಂತವಾಗಿ 1.23 ಬರಿಸಿ, “ಇನ್ನು ತಪ್ಪು ತೋರಿಸಿದರೆ ಬಲಗೈ ಕಡಿಸಿಕೊಳ್ತೀನಿ” ಎಂದೆ.

ಡಿಪ್ಲೊಮಾ ಓದುವ ಮಗ ಬಗ್ಗಿ ನೋಡಿದ. “ಅಪ್ಪಾ, ಕಡ್ಡಿ ಯಾವ ಪಿನ್ನಿಗೆ ಇಟ್ಟಿದ್ದೀಯ?”

“ಒಂದಕ್ಕೂ ಎರಡಕ್ಕೂ.”

“ಎರಡಕ್ಕೂ ಮೂರಕ್ಕೂ ಇಡು.”

ಇಟ್ಟೆ. 2.46!

ಉಪನಯ

ಹಳೇಬೀಡಿಗೆ ಹೋದವರು ಬಲ್ಲರು: ಅಲ್ಲಿ ಒಂದಲ್ಲ, ಎರಡು ಗರ್ಭಗುಡಿ, ಹೊಯ್ಸಳೇಶ್ವರ, ಶಾಂತಲೇಶ್ವರ. ಒಂದಕ್ಕೆ ಕೈಮುಗಿದು ಬಸ್ಸು ಹತ್ತಿದವನು ಅರ್ಧ ದರ್ಶನವೇ ಆಯಿತೆಂದು ಶಿಲ್ಪಿಯನ್ನು ಬೈಯುವಂತಿಲ್ಲ. ಬ್ಯಾಲೆನ್ಸ್ಡ್ ಔಟ್‌ಪುಟ್ಟೂ ಹಾಗೆಯೇ. ಎರಡನೇ ಪಿನ್ನಿನಲ್ಲಿ ಅರ್ಧ, ಮೂರನೆಯದರಲ್ಲಿ ತಲೆಕೆಳಗಾದ ಇನ್ನರ್ಧ. ಒಂದನೆಯದು ಬರೀ ಗ್ರೌಂಡು, ಅಂದರೆ ಚಪ್ಪಲಿ ಬಿಡುವ ಜಾಗ. ನಾನು ಚಪ್ಪಲಿಯಿಂದ ಒಂದು ಗುಡಿಯವರೆಗೆ ಅಳೆದು, ಇನ್ನೊಂದು ಗುಡಿ ಕಳುವಾಗಿದೆ ಎಂದು ತೀರ್ಮಾನಿಸಿದ್ದೆ. ಪ್ರಿಸೆಟ್ ತಿರುಗಿಸಿದ್ದರಿಂದ ಪೆಟ್ಟಿಗೆ ಈಗ ಬೇಕಾದ್ದಕ್ಕಿಂತ 6 ಡೆಸಿಬೆಲ್ ಹೆಚ್ಚು ಕೂಗುತ್ತಿತ್ತು. ಭಾವನಿಗೆ ಮೂಗುದಾರ ಹಾಕಲು ಹೊರಟು ಕಹಳೆ ಕೊಟ್ಟಂತಾಗಿತ್ತು.

ನಿಗಮನ

ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆಯಲ್ಲಿ, ದೋಷ ತೋರಿಸಿದರೆ ಬಲಗೈ ಕಡಿದುಕೊಳ್ಳುವೆನೆಂದ ಶಿಲ್ಪಿ ಜಕಣಾಚಾರಿಯ ಎದುರು ಅವನ ಮಗ ಡಂಕಣ ವಿಗ್ರಹಕ್ಕೆಲ್ಲ ಗಂಧ ಬಳಿಸಿದ. ಎಲ್ಲೆಡೆ ಒಣಗಿ ಹೊಕ್ಕುಳಲ್ಲಿ ಮಾತ್ರ ಹಸಿಯಾಗಿಯೇ ಉಳಿಯಿತು. ಒಡೆದರೆ ಒಳಗೆ ಕಪ್ಪೆ. ದೋಷ ಹುಡುಕುವುದಕ್ಕೆ ಇದಕ್ಕಿಂತ ಒಳ್ಳೆಯ ವಿಧಾನ ಇನ್ನೂ ಬಂದಿಲ್ಲ. ಆದರೆ ಗಂಧವೇ ಕಲಬೆರಕೆಯಾಗಿದ್ದರೆ ಕಪ್ಪೆಯಿಲ್ಲದ ಕಲ್ಲನ್ನೂ ಒಡೆಯಬೇಕಾಗುತ್ತದೆ. ಕೊಬ್ಬರಿ ತೂಗುವ ಮೊದಲು ತಕ್ಕಡಿಯ ಮುಳ್ಳು ನೋಡು ಎಂಬಷ್ಟು ಜ್ಞಾನ ಅರಸೀಕೆರೆಯವನಾದ ನನಗೆ ಐದು ಅವಯವ ದಾಟಿದ ಮೇಲೆ ಬಂತು. ಪ್ರಿಸೆಟ್ಟನ್ನು ಮೊದಲಿದ್ದಲ್ಲಿಗೆ ತಿರುಗಿಸಿದೆ. ಒಳಗೆ 1.23, ಹೊರಗೆ 1.23.

ಇನ್ನುಳಿದದ್ದು ಬಲಗೈಯ ಪ್ರಶ್ನೆ. ಜಕಣಾಚಾರಿಗೆ ಕೈ ಮರಳಿ ಬಂದದ್ದು ತುಮಕೂರಿನ ಬಳಿಯ ಕೈದಾಳದಲ್ಲಿ ಎನ್ನುತ್ತಾರೆ. ಅರಸೀಕೆರೆಯಿಂದ ತುಮಕೂರಿಗೆ ರೈಲುಗಳಿಗೇನೂ ಬರವಿಲ್ಲ. ಮಗ ಆಗಲೇ ವೇಳಾಪಟ್ಟಿ ನೋಡಿಟ್ಟಿದ್ದಾನೆ.