ಕ್ಯಾಮೆರಾದ ತಲೆಯಿಂದ ಇಳಿದ ಫ್ಲ್ಯಾಶ್: ಶಿಕಾರಿಪುರ, ಸೊರಬ ಸೀಮೆಯ ಬಳಕೆದಾರರ ಕೈಪಿಡಿ

ನೀವು ಕೊಂಡ ನಿಸ್ತಂತು ಫ್ಲ್ಯಾಶಿನ ಪೆಟ್ಟಿಗೆಯ ಜೊತೆ ಬಂದ ಪುಟ್ಟ ಪುಸ್ತಕದಲ್ಲಿ ಉಪಕರಣವನ್ನು ನೀರಿಗೆ ಹಾಕಬೇಡಿ, ಬೆಂಕಿಯ ಹತ್ತಿರ ಇಡಬೇಡಿ, ಮಕ್ಕಳ ಕೈಗೆ ಕೊಡಬೇಡಿ ಎಂದು ಹತ್ತಾರು ಭಾಷೆಗಳಲ್ಲಿ ಬರೆದಿದೆ. ಮದುಮಗಳ ಸೋದರಮಾವನ ಕೈಗೆ ಕೊಡಬೇಡಿ ಎಂದು ಒಂದು ಭಾಷೆಯಲ್ಲೂ ಬರೆದಿಲ್ಲ. ಆ ಕೊರತೆ ನೀಗಲಿ ಎಂದು ಈ ಕೈಪಿಡಿ. ಮೊದಲ ಮದುವೆಯ ಆರ್ಡರ್ ಒಪ್ಪಿಕೊಳ್ಳುವ ಮುಂಚೆ ಓದಿ. ಈಗಾಗಲೇ ಮುಂಗಡ ಪಡೆದಿದ್ದರೆ 9ನೇ ಭಾಗದಿಂದ ಶುರುಮಾಡಿ.

1. ಪೆಟ್ಟಿಗೆಯಲ್ಲಿ ಏನೇನಿದೆ

ಫ್ಲ್ಯಾಶ್ ಒಂದು. ಕ್ಯಾಮೆರಾದ ನೆತ್ತಿಯ ಹಾಟ್‌ಶೂಗೆ ಸಿಕ್ಕಿಸುವ ಟ್ರಿಗರ್ ಒಂದು. ಫ್ಲ್ಯಾಶ್ ನಿಲ್ಲಿಸುವ ಪ್ಲಾಸ್ಟಿಕ್ ಪಾದ ಒಂದು. ಇದನ್ನು ಮೊದಲ ಕಾರ್ಯಕ್ರಮದಲ್ಲೇ ಕಳೆದುಕೊಳ್ಳತಕ್ಕದ್ದು.

ಪೆಟ್ಟಿಗೆಯಲ್ಲಿ ಇಲ್ಲದ, ಆದರೆ ಬೇಕೇ ಬೇಕಾದ ಸಾಮಾನು: ಚಾರ್ಜ್ ಮಾಡುವ ಪೆನ್ಸಿಲ್ ಸೆಲ್ ನಾಲ್ಕರಂತೆ ಎರಡು ಸೆಟ್, ಒಂದು ಲೈಟ್ ಸ್ಟ್ಯಾಂಡ್, ಬೆಳಕು ತೂರಿ ಬರುವ ಬಿಳಿ ಕೊಡೆ, ಕೊಡೆ ಸಿಕ್ಕಿಸುವ ಬ್ರಾಕೆಟ್, ಇಷ್ಟನ್ನೂ ಹೊತ್ತು ತಿರುಗುವ ಒಬ್ಬ ಹುಡುಗ.

ಎಚ್ಚರಿಕೆ: ಫ್ಲ್ಯಾಶಿನೊಳಗಿನ ಕೆಪಾಸಿಟರ್ 300 ವೋಲ್ಟಿಗೂ ಮೇಲಿನ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುತ್ತದೆ. ಸ್ವಿಚ್ ಆರಿಸಿ, ಸೆಲ್ ತೆಗೆದರೂ ಅದು ಕೂಡಲೇ ಖಾಲಿಯಾಗುವುದಿಲ್ಲ. ಮಿಕ್ಸಿ ರಿಪೇರಿ ಮಾಡಿದ ಅನುಭವದ ಮೇಲೆ ಇದನ್ನು ಬಿಚ್ಚಬೇಡಿ.

2. ಇಳಿಸುವುದು ಯಾಕೆ

ಕ್ಯಾಮೆರಾದ ತಲೆಯ ಮೇಲೆ ಕೂತ ಫ್ಲ್ಯಾಶ್ ನೀವು ನೋಡುವ ಕಡೆಗೇ ನೇರ ಬೆಳಕು ಬಿಡುತ್ತದೆ. ಬಿದ್ದ ನೆರಳೆಲ್ಲ ವಸ್ತುವಿನ ಹಿಂದೆ ಅಡಗುವುದರಿಂದ ಮೂಗು ಗಲ್ಲಕ್ಕೆ ಅಂಟಿಕೊಳ್ಳುತ್ತದೆ, ಹಣೆ ಬೆವರಿ ಹೊಳೆಯುತ್ತದೆ, ಹಿಂದಿನ ಗೋಡೆಗೆ ಮದುಮಗನ ಕಿವಿಯ ಆಕಾರದ ಕಪ್ಪು ಅಂಚು ಮೆತ್ತಿಕೊಳ್ಳುತ್ತದೆ. ಅದೇ ಫ್ಲ್ಯಾಶನ್ನು ಇಳಿಸಿ ಒಂದು ಪಕ್ಕಕ್ಕೆ, ತಲೆಗಿಂತ ತುಸು ಎತ್ತರಕ್ಕೆ ಒಯ್ದರೆ ಮೂಗಿಗೆ ಏರು, ಗಲ್ಲಕ್ಕೆ ದುಂಡು, ಬಾಸಿಂಗಕ್ಕೆ ದಪ್ಪ ಬರುತ್ತದೆ. ಈ ಯಂತ್ರದ ನಿಜವಾದ ಕೆಲಸ ನೆರಳನ್ನು ಬೇಕಾದ ಕಡೆ ಬೀಳಿಸುವುದು. ಇದನ್ನು ಗಿರಾಕಿಯ ಮುಂದೆ ಬಾಯಿಬಿಟ್ಟು ಹೇಳಬೇಡಿ.

ವಿಷಯ ಹೊಸದಲ್ಲ. ಮೆಗ್ನೀಸಿಯಂ ಪುಡಿಯನ್ನು ಭಗ್ಗೆಂದು ಉರಿಸಿ ಫೋಟೊ ತೆಗೆಯುವ ಕ್ರಮ 1887ರಲ್ಲಿ ಜರ್ಮನಿಯಿಂದ ಬಂತು. 1920ರ ದಶಕದಲ್ಲಿ ಎಫ್. ಡಬ್ಲ್ಯೂ. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಶಿವಾಲಿಕ್ ತಪ್ಪಲಿನ ಕಾಡಿನಲ್ಲಿ ಕ್ಯಾಮೆರಾ ಒಂದು ಕಡೆ, ಫ್ಲ್ಯಾಶ್ ಪುಡಿ ಇನ್ನೊಂದು ಕಡೆ ಇಟ್ಟು ನಡುವೆ ತಂತಿ ಕಟ್ಟಿದ. ಹುಲಿಯೇ ಬಂದು ತಂತಿ ಎಡವಿ ತನ್ನ ಫೋಟೊ ತಾನೇ ತೆಗೆದುಕೊಂಡಿತು. 1930ರ ದಶಕದಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಹೆರಾಲ್ಡ್ ಎಡ್ಜರ್ಟನ್ ಎಲೆಕ್ಟ್ರಾನಿಕ್ ಫ್ಲ್ಯಾಶನ್ನು ಪಳಗಿಸಿದ. ನಮ್ಮ ಕಡೆಯ ಮದುವೆಗಳಿಗೆ ಪಕ್ಕದ ಬೆಳಕು ತಂದದ್ದು ವಿಡಿಯೊದವರ ಸನ್‌ಗನ್. ಆ ಹ್ಯಾಲೊಜೆನ್ ದೀಪದ ಕಾವಿಗೆ ಪುರೋಹಿತರ ಹಣೆಯ ವಿಭೂತಿ ಕರಗಿದ್ದನ್ನು ಹಳೆಯ ಕ್ಯಾಸೆಟ್ಟುಗಳಲ್ಲಿ ಈಗಲೂ ನೋಡಬಹುದು.

3. ಮೊದಲ ಅಭ್ಯಾಸ: ಫ್ಲ್ಯಾಶ್ ಚೀಲದಲ್ಲೇ ಇರಲಿ

ಬೆಳಿಗ್ಗೆ ಬೇಗ ಬಳ್ಳಿಗಾವಿಗೆ ಹೋಗಿ. ಕೇದಾರೇಶ್ವರ ಗುಡಿಯ ಹೊರಗೋಡೆಯ ಮುಂದೆ ನಿಂತು, ಬಿಸಿಲು ಕೆತ್ತನೆಯ ಮೇಲೆ ಓರೆಯಾಗಿ ಜಾರುವುದನ್ನು ನೋಡಿ. ಒಂದು ಹೂಬಳ್ಳಿಯನ್ನೇ ಆರಿಸಿಕೊಳ್ಳಿ. ಎಲೆಯ ಒಂದು ಅಂಚು ಬೆಳಗಿದೆ, ಇನ್ನೊಂದು ಅಂಚಿನ ಕೆಳಗೆ ಬೆರಳ ಉಗುರಿನಷ್ಟು ಕಪ್ಪು ಕೂತಿದೆ. ಎಲೆ ಕಲ್ಲಿನಿಂದ ಎದ್ದು ಬಂದಂತೆ ಕಾಣುವುದು ಆ ಕಪ್ಪಿನಿಂದ. ಮೋಡ ಕವಿಯುವವರೆಗೆ ಕಾಯಿರಿ. ಅದೇ ಬಳ್ಳಿ ಗೋಡೆಯೊಳಗೆ ಮಲಗುತ್ತದೆ. ಕೆತ್ತಿದವನ ಉಳಿ ಎಷ್ಟು ಆಳಕ್ಕೆ ಇಳಿಯಬೇಕೆಂದು ಲೆಕ್ಕ ಹಾಕಿದ್ದು ಈ ಓರೆ ಬಿಸಿಲನ್ನು ನಂಬಿಯೇ. 1047ರ ಭೇರುಂಡ ಕಂಬವೂ ಅಲ್ಲೇ ಇದೆ; ಅದರ ಸುತ್ತ ಒಂದು ಪ್ರದಕ್ಷಿಣೆ ಬಂದರೆ ಮುಂದಿನ ಬೆಳಕು, ಪಕ್ಕದ ಬೆಳಕು, ಹಿಂದಿನ ಬೆಳಕು ಎಂಬ ಮೂರು ಪಾಠ ಪುಕ್ಕಟೆ ಮುಗಿಯುತ್ತವೆ.

ಅಲ್ಲಿಂದ ತಾಳಗುಂದಕ್ಕೆ ಬನ್ನಿ. ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಮೇಲೆ ಕದಂಬರ ಮೂಲದ ಕಥೆಯನ್ನು ಕುಬ್ಜ ಎಂಬ ಕವಿ ಸಂಸ್ಕೃತದಲ್ಲಿ ಬರೆದಿದ್ದಾನೆ. ನೇರ ಬೆಳಕಿನಲ್ಲಿ ಅಕ್ಷರಗಳು ಕಲ್ಲಿನ ಬಣ್ಣದಲ್ಲಿ ಕರಗುತ್ತವೆ, ಓರೆ ಬೆಳಕಿನಲ್ಲಿ ಗೆರೆಗೆರೆಯಾಗಿ ಏಳುತ್ತವೆ. ಶಾಸನ ಓದುವವರು ಟಾರ್ಚನ್ನು ಕಲ್ಲಿನ ಪಕ್ಕದಿಂದ ಸವರುವಂತೆ ಹಿಡಿಯುವುದು ಇದಕ್ಕೇ.

ಸೂಚನೆ: ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಊರಲು ಮೊದಲೇ ಅನುಮತಿ ಬೇಕು. "ಇದು ಟ್ರೈಪಾಡ್ ಅಲ್ಲ ಸಾರ್, ಲೈಟ್ ಸ್ಟ್ಯಾಂಡು" ಎಂಬ ವಾದಕ್ಕೆ ಕಾವಲುಗಾರರು ಮರುಳಾಗುವುದಿಲ್ಲ. ಅದಕ್ಕೂ ಮೂರೇ ಕಾಲು.

4. ಚಾನೆಲ್ ಹೊಂದಿಸುವುದು

ಟ್ರಿಗರ್ ಮತ್ತು ಫ್ಲ್ಯಾಶ್ 2.4 ಗಿಗಾಹರ್ಟ್ಸ್ ರೇಡಿಯೊದಲ್ಲಿ ಮಾತಾಡಿಕೊಳ್ಳುತ್ತವೆ. ವೈ-ಫೈ, ಬ್ಲೂಟೂತ್ ಕೂಡ ಅದೇ ಓಣಿಯವು. ನಮ್ಮ ಕಡೆ ಹೆಚ್ಚು ಓಡುವ ಗೋಡಾಕ್ಸ್ ಮಾದರಿಗಳಲ್ಲಿ 32 ಚಾನೆಲ್ ಇವೆ. ಎರಡರಲ್ಲೂ ಒಂದೇ ಚಾನೆಲ್ ಇಟ್ಟು, ಫ್ಲ್ಯಾಶನ್ನು 'ಎ' ಗುಂಪಿಗೆ ಸೇರಿಸಿದರೆ ಸಂಬಂಧ ಕುದುರಿದಂತೆ.

ಆದರೆ 1ನೇ ಚಾನೆಲ್ಲನ್ನು ಹಾಗೇ ಬಿಡಬೇಡಿ. ಊರಿನ ಇನ್ನೊಬ್ಬ ಫೋಟೊಗ್ರಾಫರನೂ ಹಾಗೇ ಬಿಟ್ಟಿರುತ್ತಾನೆ. ಒಳ್ಳೆಯ ಮುಹೂರ್ತ ಇದ್ದ ದಿನ ಅಕ್ಕಪಕ್ಕದ ಎರಡು ಛತ್ರಗಳಲ್ಲಿ ಎರಡು ಮದುವೆ ಇದ್ದರೆ, ಆ ಛತ್ರದ ತಾಳಿಗೆ ಈ ಛತ್ರದ ಫ್ಲ್ಯಾಶ್ ಬೆಳಗುತ್ತದೆ. ವಾಲಗದವರು ಅದನ್ನೇ ಸನ್ನೆ ಅಂದುಕೊಂಡು ಗಟ್ಟಿಮೇಳ ಶುರುಮಾಡಿದರೆ ಕಂಪನಿ ಹೊಣೆಯಲ್ಲ. ಚಾನೆಲ್ 17ಕ್ಕೋ 23ಕ್ಕೋ ಹೋಗಿ. ಯಾವುದೆಂದು ಪ್ರತಿಸ್ಪರ್ಧಿಗೆ ಹೇಳಬೇಡಿ.

ರೇಡಿಯೊ ಬೇಡ, ಕಣ್ಣಿನಿಂದಲೇ ನಡೆಯಲಿ ಎನ್ನುವವರಿಗೆ ಫ್ಲ್ಯಾಶಿನಲ್ಲಿ ಎಸ್ 1, ಎಸ್ 2 ಎಂಬ ಸ್ಲೇವ್ ಮೋಡುಗಳಿವೆ. ಬೇರೆ ಯಾವುದೇ ಫ್ಲ್ಯಾಶ್ ಮಿಂಚಿದರೂ ನಿಮ್ಮದೂ ಮಿಂಚುತ್ತದೆ. ಹುಡುಗನ ಕಡೆಯವರು ಪ್ರತ್ಯೇಕ ಫೋಟೊಗ್ರಾಫರನ್ನು ಕರೆತಂದಿದ್ದರೆ ಊಟದ ಹೊತ್ತಿಗೆ ನಿಮ್ಮ ಸೆಲ್ ಖಾಲಿ, ಅವರ ಆಲ್ಬಂ ಚೆಂದ.

5. ಷಟರ್, ಅಪರ್ಚರ್, ಶಕ್ತಿ

ಷಟರಿನಲ್ಲಿ ಎರಡು ಪರದೆ ಇವೆ. ಮೊದಲನೆಯದು ಸರಿದು ದಾರಿ ಬಿಡುತ್ತದೆ, ಎರಡನೆಯದು ಹಿಂದೆಯೇ ಬಂದು ಮುಚ್ಚುತ್ತದೆ. ವೇಗ 1/200 ಅಥವಾ 1/250 ದಾಟಿದರೆ (ಕ್ಯಾಮೆರಾ ನೋಡಿಕೊಂಡು) ಮೊದಲನೆಯದು ಪೂರ್ತಿ ಸರಿಯುವ ಮೊದಲೇ ಎರಡನೆಯದು ಹೊರಟುಬಿಡುತ್ತದೆ. ಆಗ ಫ್ಲ್ಯಾಶ್ ಮಿಂಚಿದರೆ ಚಿತ್ರದ ಒಂದು ಪಟ್ಟಿ ಕಪ್ಪಾಗುತ್ತದೆ. ಅಂತರಪಟ ಪೂರ್ತಿ ಸರಿದ ಮೇಲೆ ತಾನೇ ಜೀರಿಗೆ ಬೆಲ್ಲ ಹಾಕುವುದು? ಇಲ್ಲೂ ಅದೇ ಶಾಸ್ತ್ರ.

ನೆನಪಿಡಬೇಕಾದ್ದು ಇಷ್ಟೆ: ಫ್ಲ್ಯಾಶಿನ ಮಿಂಚು ಎಷ್ಟು ಕ್ಷಣಿಕವೆಂದರೆ ಷಟರ್ ವೇಗ ಅದನ್ನು ಮುಟ್ಟುವುದೇ ಇಲ್ಲ. ಛತ್ರದ ಸೀರಿಯಲ್ ಸೆಟ್, ಹಿಂದಿನ ಅಲಂಕಾರ ಎಷ್ಟು ಕಾಣಬೇಕು ಎಂಬುದನ್ನು ಷಟರ್ ತೀರ್ಮಾನಿಸುತ್ತದೆ. ಮುಖದ ಮೇಲಿನ ಮಿಂಚು ಎಷ್ಟು ಎಂಬುದನ್ನು ಅಪರ್ಚರ್ ಮತ್ತು ಫ್ಲ್ಯಾಶಿನ ಶಕ್ತಿ ತೀರ್ಮಾನಿಸುತ್ತವೆ.

ಮೊದಲ ಅಳತೆ: ಐಎಸ್‌ಒ 400, ಷಟರ್ 1/160, ಅಪರ್ಚರ್ ಎಫ್ 5.6, ಫ್ಲ್ಯಾಶ್ 1/8 ಶಕ್ತಿ, ಕೊಡೆಯಿಂದ ಮುಖಕ್ಕೆ 2 ಮೀಟರ್. ಹಿನ್ನೆಲೆ ಕತ್ತಲಾದರೆ ಷಟರನ್ನು 1/60ಕ್ಕೆ ಇಳಿಸಿ. ಮುಖ ಬಿಳುಚಿದರೆ ಶಕ್ತಿಯನ್ನು 1/16 ಮಾಡಿ. ಲೆಕ್ಕ ಬೇಡ, ಎಲ್ಲ ಯಂತ್ರವೇ ನೋಡಿಕೊಳ್ಳಲಿ ಎಂದು ಟಿಟಿಎಲ್ ಹಾಕಿದರೆ ಅದು ಮೊದಲು ಸಣ್ಣ ಮಿಂಚು ಬಿಟ್ಟು ಬೆಳಕು ಅಳೆಯುತ್ತದೆ. ಬಿಳಿ ಪಂಚೆ, ಬಿಳಿ ಶಲ್ಯದ ಸಾಲು ಎದುರಿಗಿದ್ದರೆ ಬೆಳಕು ಹೆಚ್ಚಾಯಿತೆಂದು ಬಗೆದು ಎಲ್ಲರನ್ನೂ ಮಂಕುಮಾಡುತ್ತದೆ. ಆ ಸಣ್ಣ ಮಿಂಚಿಗೆ ದೊಡ್ಡಪ್ಪ ಕಣ್ಣು ಮಿಟುಕಿಸುತ್ತಾರೆ. ದೊಡ್ಡ ಮಿಂಚಿನ ಹೊತ್ತಿಗೆ ಅವರ ಕಣ್ಣು ಸರಿಯಾಗಿ ಮುಚ್ಚಿರುತ್ತದೆ.

6. ಹುಡುಗ

ಲೈಟ್ ಸ್ಟ್ಯಾಂಡ್ ಜಾತ್ರೆಯಲ್ಲಿ, ಧಾರೆ ಮಂಟಪದಲ್ಲಿ ನಿಲ್ಲುವುದಿಲ್ಲ. ಮಕ್ಕಳು ಎಡವುತ್ತಾರೆ, ಬಡಿಸುವವರು ಬಕೆಟ್ ತಾಗಿಸುತ್ತಾರೆ. ನಿಲ್ಲಿಸಲೇಬೇಕಾದರೆ ಅಡುಗೆಮನೆಯಿಂದ ಅರ್ಧ ಅಕ್ಕಿಚೀಲ ಕೇಳಿ ತಂದು ಕಾಲಿಗೆ ಹೇರಿ. ಅಡಿಕೆ ಮೂಟೆ ಬೇಡ. ಮೇಲಿನ ಫ್ಲ್ಯಾಶಿಗಿಂತ ಕೆಳಗಿನ ಮೂಟೆ ಕಾಯುವುದೇ ಕೆಲಸವಾದೀತು.

ಆದ್ದರಿಂದ ಹುಡುಗ. ಅವನಿಗೆ ಒಂದೇ ನಿಯಮ ಕಲಿಸಿ: ದೂರ ಎರಡರಷ್ಟಾದರೆ ಬೆಳಕು ಕಾಲುಭಾಗವಾಗುತ್ತದೆ. 1 ಮೀಟರಿನಿಂದ 2 ಮೀಟರಿಗೆ ಸರಿದರೆ ಬೆಳಕಿನ ಮುಕ್ಕಾಲು ಹೋಯಿತು. ಹುಡುಗ ಹೆಜ್ಜೆ ಬದಲಿಸಿದಾಗಲೆಲ್ಲ ನಿಮ್ಮ ಲೆಕ್ಕ ಬದಲಾಗುತ್ತದೆ. ಅವನು ಹೆಜ್ಜೆ ಬದಲಿಸುವ ದಿಕ್ಕು ಸಾಮಾನ್ಯವಾಗಿ ಊಟದ ಹಾಲಿನ ಕಡೆ. ಮೊದಲ ಪಂಕ್ತಿಯಲ್ಲೇ ಅವನನ್ನು ಕೂರಿಸಿ, ಉಂಡು ಬರಲಿ. ಹೋಳಿಗೆಯ ವಾಸನೆಗೆ ಯಾವ ಬ್ರಾಕೆಟ್ಟೂ ತಡೆಯುವುದಿಲ್ಲ.

7. ಕೊಡೆ

ಬೆಳಕಿನ ಮೂಲ ದೊಡ್ಡದಾದಷ್ಟೂ, ಹತ್ತಿರ ಬಂದಷ್ಟೂ ನೆರಳಿನ ಅಂಚು ಮೆತ್ತಗಾಗುತ್ತದೆ. ಕೊಡೆಯ ಉಪಯೋಗ ಅದು. ಆದರೆ ಛತ್ರದೊಳಗೆ ಕೊಡೆ ಬಿಡಿಸಿದ ಕೂಡಲೇ ಪ್ರಶ್ನೆಗಳು ಶುರುವಾಗುತ್ತವೆ.

"ಎಂತದಾ ತಮ್ಮ ಅದು, ಒಳಗೂ ಸೋರ್ತದಾ?"

"ಬೆಳಕಿಗೆ ಅಜ್ಜಿ."

"ಬೆಳಕಿಗೆ ಕೊಡೆ ಹಿಡಿದ್ರೆ ಬೆಳಕು ಒಳಗೆ ಬರೋದು ಹೆಂಗೆ ಮತ್ತೆ?"

ಇದಕ್ಕೆ ಉತ್ತರ ಕೊಡಲು ಹೋದರೆ ಮುಹೂರ್ತ ಮೀರುತ್ತದೆ. ನಕ್ಕು ಮುಂದೆ ಹೋಗಿ. ಕಾಶಿಯಾತ್ರೆಯ ಶಾಸ್ತ್ರವಿರುವ ಮನೆಗಳಲ್ಲಿ ಕೊಡೆಯ ಮೇಲೆ ವಿಶೇಷ ನಿಗಾ ಇರಲಿ. ತಂದಿಟ್ಟ ಕೊಡೆ ಸಿಗದಿದ್ದಾಗ ನಿಮ್ಮದನ್ನೇ ಬ್ರಾಕೆಟ್ಟಿನಿಂದ ಕಿತ್ತು ಮದುಮಗನ ಕೈಗೆ ಕೊಟ್ಟಾರು.

8. ಬಳಸಬಾರದ ಸ್ಥಳಗಳು

ಅ) ಗುಡವಿ ಪಕ್ಷಿಧಾಮ. ಮಳೆಗಾಲದಲ್ಲಿ ಕೆರೆಯ ನಡುವಿನ ಮರಗಳಲ್ಲಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ ಗೂಡುಕಟ್ಟುತ್ತವೆ. ಗೂಡಿನ ಮೇಲೆ ಫ್ಲ್ಯಾಶ್ ಬೇಡ. ತಾಯಿ ಬೆದರಿ ಎದ್ದರೆ ಮೊಟ್ಟೆ ಕಾಗೆಯ ಪಾಲು.

ಆ) ದೀಪಾವಳಿಯ ಹೋರಿ ಹಬ್ಬ. ಕೊಬ್ಬರಿ ಸರ ಕಟ್ಟಿಕೊಂಡು, ಬಲೂನು ಹೊತ್ತು ನುಗ್ಗುವ ಹೋರಿಯ ಎದುರು ಸಾವಿರಾರು ಜನ ಕೂಗುತ್ತಿರುತ್ತಾರೆ. ಅದರ ಕಣ್ಣಿಗೆ ಪಕ್ಕದಿಂದ ಮಿಂಚು ಹೊಡೆದರೆ ಅದು ಮಿಂಚು ಬಂದ ಕಡೆಗೇ ತಿರುಗಬಹುದು. ಅಲ್ಲಿ ನಿಮ್ಮ ಹುಡುಗ ನಿಂತಿದ್ದಾನೆ.

ಇ) ಚಂದ್ರಗುತ್ತಿಯ ರೇಣುಕಾಂಬೆಯ ಗುಹೆಯ ಗುಡಿ. ಕತ್ತಲು ನೋಡಿ ಕೈ ತುರಿಸುವುದು ಸಹಜ. ಆ ಕತ್ತಲು ದೇವಿಗೆ ಸೇರಿದ್ದು, ಅರ್ಚಕರ ಮಾತೇ ಕೊನೆ.

9. ತೊಂದರೆ ಮತ್ತು ಪರಿಹಾರ

ತೊಂದರೆ: ಫ್ಲ್ಯಾಶ್ ಮಿಂಚುತ್ತಿಲ್ಲ. ಕಾರಣ: ಸೆಲ್ ಮುಗಿದಿದೆ, ಚಾನೆಲ್ ಬದಲಾಗಿದೆ, ಅಥವಾ ಟ್ರಿಗರ್ ಹಾಟ್‌ಶೂನಲ್ಲಿ ಪೂರ್ತಿ ಕೂತಿಲ್ಲ. ಪರಿಹಾರ: ಇದೇ ಕ್ರಮದಲ್ಲಿ ನೋಡಿ. ಅಷ್ಟರೊಳಗೆ ತಾಳಿ ಕಟ್ಟಿ ಮುಗಿದಿದ್ದರೆ "ಇನ್ನೊಂದ್ಸಲ ಹಿಡ್ಕೊಳ್ಳಿ ಸಾರ್, ಕ್ಲೋಸಪ್ಪು" ಎನ್ನಿ.

ತೊಂದರೆ: ಮುಖ ನೀಲಿ, ಹಿಂದಿನ ಗೋಡೆ ಕಿತ್ತಳೆ. ಕಾರಣ: ಫ್ಲ್ಯಾಶಿನ ಬೆಳಕು ಹಗಲಿನ ಬಣ್ಣದ್ದು, ಸುಮಾರು 5500 ಕೆಲ್ವಿನ್, ಛತ್ರದ ಹಳದಿ ದೀಪ 3000ದ ಆಸುಪಾಸು. ಪರಿಹಾರ: ಫ್ಲ್ಯಾಶಿನ ಮೂತಿಗೆ ಕಿತ್ತಳೆ ಜೆಲ್ ಕಟ್ಟಿ, ಕ್ಯಾಮೆರಾವನ್ನು ಹಳದಿ ದೀಪದ ವೈಟ್ ಬ್ಯಾಲೆನ್ಸಿಗೆ ಹಾಕಿ.

ತೊಂದರೆ: ಕುಬಟೂರಿನ ಕೈಟಭೇಶ್ವರ ಗುಡಿಯ ಕಡೆದ ಕಂಬದಲ್ಲಿ ಒಂದು ಬಿಳಿ ಚುಕ್ಕೆ. ಕಾರಣ: ನುಣುಪಾದ ದುಂಡು ಮೈ ಯಾವ ಕಡೆಯ ಬೆಳಕನ್ನೂ ಎಲ್ಲೋ ಒಂದು ಕಡೆ ಹಿಂದಿರುಗಿಸುತ್ತದೆ. ಪರಿಹಾರ: ಫ್ಲ್ಯಾಶ್ ಆರಿಸಿ, ಬಾಗಿಲಿನ ಬೆಳಕಿಗೆ ಕಾಯಿರಿ.

ತೊಂದರೆ: ಗಿರಾಕಿ. "ಹುಡುಗಿ ಮುಖ ಒಂದ್ ಕಡೆ ಕಪ್ಪು ಬಂದದೆ ನೋಡ್ರಿ. ನಾವು ದುಡ್ಡು ಕೊಟ್ಟಿದ್ದು ಬೆಳ್ಳಗೆ ಕಾಣ್ಲಿ ಅಂತ." ಕಾರಣ: 2ನೇ ಭಾಗದಲ್ಲಿ ನೀವು ಕಲಿತ ವಿದ್ಯೆ. ಪರಿಹಾರ: ಇನ್ನೊಂದು ಫ್ಲ್ಯಾಶ್ ಕೊಂಡು 'ಬಿ' ಗುಂಪಿನಲ್ಲಿ ಎದುರು ಪಕ್ಕಕ್ಕೆ ಇಡಿ. 'ಎ' 1/8 ಇದ್ದರೆ 'ಬಿ' 1/32 ಇರಲಿ. ನೆರಳು ಉಳಿಯುತ್ತದೆ, ಕಪ್ಪು ಹೋಗುತ್ತದೆ. ಇದಕ್ಕೂ ಒಪ್ಪದೆ ಎರಡೂ ಸಮವಾಗಿರಲಿ ಎಂದರೆ ಸಮ ಮಾಡಿಕೊಡಿ. ಮುಖ ಮತ್ತೆ ಚಪ್ಪಟೆಯಾಗುತ್ತದೆ, ಬಾಕಿ ಹಣ ಕೈಸೇರುತ್ತದೆ. ನೆರಳಿದ್ದ ಒಂದು ಫೋಟೊವನ್ನು ಮಾತ್ರ ಆಲ್ಬಮ್ಮಿನ ಕೊನೆಯಲ್ಲಿ ಕೇಳದೆ ಅಂಟಿಸಿ. ಬೆಳ್ಳಗಿನ ಇನ್ನೂರು ಫೋಟೊ ನೋಡಿ ದಣಿದ ಮನೆಯವರು ಗೋಡೆಗೆ ಕಟ್ಟು ಹಾಕಿಸಲು ಆರಿಸುವುದು ಅದನ್ನೇ.

10. ಖಾತರಿ

ಉಪಕರಣಕ್ಕೆ ಖಾತರಿ ಬಿಲ್ಲಿನಲ್ಲಿ ಬರೆದಷ್ಟು. ಕೊಡೆಗೆ ಇಲ್ಲ, ಹುಡುಗನಿಗೆ ಇಲ್ಲ, ಮದುವೆಗಂತೂ ಕಂಪನಿ ಎಂದೂ ಕೊಟ್ಟಿಲ್ಲ. ಗೋಡೆಯ ಫೋಟೊ ನೋಡಿದ ನೆಂಟರು "ಎಷ್ಟು ಚೆನ್ನಾಗಿ ಬಂದದೆ, ಯಾವ ಕ್ಯಾಮೆರಾ?" ಎಂದು ಕೇಳಿದರೆ ಕ್ಯಾಮೆರಾದ ಹೆಸರನ್ನಷ್ಟೇ ಹೇಳಿ ಸುಮ್ಮನಿರಿ. ಫ್ಲ್ಯಾಶಿನ ಹೆಸರು ಹೇಳಿದಿರೋ, ಮುಂದಿನ ಭಾನುವಾರ ಅವರ ಅಳಿಯ ಎರವಲು ಕೇಳಲು ಬಂದಿರುತ್ತಾನೆ. ಚಾನೆಲ್ಲನ್ನು 1ಕ್ಕೆ ಹಾಕಿಯೇ ವಾಪಸ್ ತಂದುಕೊಡುತ್ತಾನೆ.