ಕೋರಮಂಡಲ್ ಸ್ಟೇಷನ್ನಿನಲ್ಲಿ ಕಡಲು: ಬಂಗಾರಪೇಟೆಯವರ ಕರಾವಳಿ ಪ್ರವಾಸ ಕುರಿತು ಒಂದು ಸಂಶೋಧನಾ ಪ್ರಬಂಧ

ಬಂಗಾರಪೇಟೆಯಿಂದ ಕರಾವಳಿ ಪ್ರವಾಸ ಹೊರಡುವುದು ಹೇಗೆಂಬ ಬಗ್ಗೆ ಈವರೆಗೆ ನಡೆದ ಸಂಶೋಧನೆಯೆಲ್ಲ ನಮ್ಮ ಮನೆಯ ಪಡಸಾಲೆಯಲ್ಲಿ, ರಾತ್ರಿ ಮುದ್ದೆ ಉಂಡಾದ ಮೇಲೆ ನಡೆದದ್ದು. ಹದಿನಾಲ್ಕು ವರ್ಷಗಳ ಈ ಕ್ಷೇತ್ರಕಾರ್ಯದಲ್ಲಿ ಯಾರೂ ಕ್ಷೇತ್ರಕ್ಕೆ ಹೋಗಿಲ್ಲ ಎಂಬುದೊಂದೇ ಅದರ ಮಿತಿ. ಈ ಪ್ರಬಂಧದಲ್ಲಿ ‘ವಿದ್ವಾಂಸರು’ ಎಂದು ಬಂದಲ್ಲೆಲ್ಲ ನಮ್ಮ ಭಾವ, ನಮ್ಮ ಅತ್ತೆ ಹಾಗೂ ಎದುರು ಮನೆಯ ಮೈನಿಂಗ್ ತಾತ ಎಂದು ಓದಿಕೊಳ್ಳಬೇಕು. ‘ಮೂಲ ಹಸ್ತಪ್ರತಿ’ ಎಂದರೆ ಕ್ಯಾಲೆಂಡರಿನ ಹಿಂಬದಿ. ಅದರಲ್ಲಿ ಹಾಲಿನ ಲೆಕ್ಕವೂ ಸೇರಿಕೊಂಡಿರುವುದರಿಂದ ಕೆಲವು ಕಡೆ ಪಾಠಾಂತರವಿದೆ.

ಮೊದಲ ಜಿಜ್ಞಾಸೆ: ಯಾವ ಕರಾವಳಿ? ಭಾವನವರದು ಪಶ್ಚಿಮ ಪಂಥ. ಮಂಗಳೂರು, ಉಡುಪಿ ಬಿಟ್ಟರೆ ಸಮುದ್ರವೇ ಇಲ್ಲ ಎಂಬುದು ಅವರ ಮತ. ಅತ್ತೆಯದು ಪೂರ್ವ ಪಂಥ. ಮದ್ರಾಸಿಗೆ ರೈಲಿನಲ್ಲಿ ಮುನ್ನೂರು ಕಿಲೋಮೀಟರೂ ಆಗುವುದಿಲ್ಲ, ಬೃಂದಾವನ್ ಎಕ್ಸ್‌ಪ್ರೆಸ್ ನಮ್ಮೂರಲ್ಲೇ ನಿಲ್ಲುತ್ತದೆ, ಮೇಲಾಗಿ ಅಲ್ಲಿ ನೆಂಟರ ಮನೆಯುಂಟು. “ಸಮುದ್ರದ ನೀರು ಎಲ್ಲಾ ಕಡೆ ಒಂದೇ ಕಣಪ್ಪಾ. ಲಾಡ್ಜ್ ಬಾಡಿಗೆ ಮಾತ್ರ ಬೇರೆ ಬೇರೆ” ಎಂದು ಅವರು ನುಡಿದ ರಾತ್ರಿ ಪಶ್ಚಿಮ ಪಂಥಕ್ಕೆ ಉತ್ತರ ಹೊಳೆಯಲಿಲ್ಲ.

ಇಷ್ಟರಲ್ಲಿ ಈ ಲೇಖಕನಿಗೆ ಮೂರನೆಯ ಪಂಥವೊಂದು ಗೋಚರಿಸಿತು. ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆ ರೈಲು ಹತ್ತಿ. ಕೆಜಿಎಫ್ ಹತ್ತಿರವಾಗುತ್ತಲೇ ಕೋರಮಂಡಲ್ ಎಂಬ ಸ್ಟೇಷನ್ ಬರುತ್ತದೆ. ಕೋರಮಂಡಲವೆಂದರೆ ಚೋಳಮಂಡಲ, ಪೂರ್ವ ಕರಾವಳಿ. ಬೋರ್ಡಿನಲ್ಲಿ ಬರೆದಿರುವುದೇ ಪ್ರಮಾಣವಲ್ಲವೆ? ಪೂರ್ವಪಕ್ಷದವರು ಕೇಳಬಹುದು: ಅಲೆ ಎಲ್ಲಿ? ಉತ್ತರ: ಬೆಳಗ್ಗೆ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ರೈಲಿನ ಬಾಗಿಲ ಬಳಿ ನಿಂತು ನೋಡಿ. ಭರತ ಬೆಳಗ್ಗೆ ಒಂದು ಸಲ, ಇಳಿತ ರಾತ್ರಿ ಒಂದು ಸಲ. ಭಾನುವಾರ ಮಾತ್ರ ಕಡಲು ಶಾಂತ.

ಕಾಲನಿರ್ಣಯದ ಕಷ್ಟವನ್ನು ಪಂಚಾಂಗ ಬಲ್ಲವರೂ ಬಿಡಿಸಲಾರರು. ಭಾವನಿಗೆ ಯಕ್ಷಗಾನ, ಕಂಬಳ, ಮೀನು ಮೂರೂ ಒಟ್ಟಿಗೆ ಬೇಕು. ಮೇಳಗಳು ದೀಪಾವಳಿ ಕಳೆದ ಮೇಲೆ ತಿರುಗಾಟ ಹೊರಟು ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಕಂಬಳ ಚಳಿಗಾಲದ್ದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮಕ್ಕಳಿಗೆ ರಜೆ ದಸರೆಗೆ ಮತ್ತು ಬೇಸಿಗೆಗೆ. ದಸರೆಯಲ್ಲಿ ಮೀನುಂಟು, ಆಟವಿಲ್ಲ. ಬೇಸಿಗೆಯಲ್ಲಿ ಆಟವುಂಟು, ಕೋಣಗಳಿಲ್ಲ. ಜೊತೆಗೆ ನಮ್ಮ ಕಡೆ ಮಾವಿನ ಸುಗ್ಗಿ ಶುರುವಾಗಿ, ಹಣ್ಣಿನ ನೆಪದಲ್ಲಿ ನೆಂಟರೇ ನಮ್ಮ ಮನೆಗೆ ಪ್ರವಾಸ ಬರುತ್ತಾರೆ.

ಆಹಾರ ಪ್ರಕರಣದಲ್ಲಿ ವಾದ ಇನ್ನೂ ಖಾರ. ಭಾವ ನೀರ್ ದೋಸೆ, ಪತ್ರೊಡೆ, ಕೋರಿ ರೊಟ್ಟಿ, ಗಡ್‌ಬಡ್ ಎಂದು ಪಟ್ಟಿ ಓದುತ್ತಿದ್ದಂತೆ ಅತ್ತೆ ತಡೆದರು: “ಹಪ್ಪಳದ ಮೇಲೆ ಕೋಳಿಸಾರು ಸುರ್ಕೊಂಡು ತಿನ್ನೋಕೆ ಅಷ್ಟು ದೂರ ಹೋಗ್ಬೇಕಾ?” (ಮಂಗಳೂರು ಬಜ್ಜಿಯನ್ನು ಮಂಗಳೂರಿನಲ್ಲಿ ಗೋಳಿಬಜೆ ಎನ್ನುತ್ತಾರೆಂದು ತಿಳಿದ ದಿನ ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ.) ನಮ್ಮ ಪ್ರತಿವಾದ ಪಾನಿಪುರಿಯದು. ಬೇರೆ ಊರುಗಳಲ್ಲಿ ಅದರ ನೀರು ಹಸಿರು. ಬಂಗಾರಪೇಟೆಯಲ್ಲಿ ಬೋರ್‌ವೆಲ್ ನೀರಿನಷ್ಟು ತಿಳಿ. ಬಾಯಿಗೆ ಬಿದ್ದಾಗಲೇ ಅದು ನೀರಲ್ಲವೆಂದು ಮೂಗಿಗೆ, ಆಮೇಲೆ ಕಣ್ಣಿಗೆ ತಿಳಿಯುವುದು. ಸಮುದ್ರವೂ ಹಾಗೇ ತಾನೆ? ದೂರಕ್ಕೆ ನೀಲಿ, ಬೊಗಸೆಯಲ್ಲಿ ನಿರ್ವರ್ಣ, ನಾಲಿಗೆಗೆ ಉಪ್ಪು. ಲಕ್ಷಣ ಕೂಡಿಬಂದ ಮೇಲೆ ಲಕ್ಷ್ಯವನ್ನು ಹುಡುಕಿಕೊಂಡು ಘಾಟಿ ಇಳಿಯುವುದು ಅಶಾಸ್ತ್ರೀಯ.

ಮರಳಿನ ಕೊರತೆಯೂ ನಮಗಿಲ್ಲ. ಕೆಜಿಎಫ್ ಗಣಿಯ ಕಲ್ಲನ್ನು ಅರೆದು ಚಿನ್ನ ತೆಗೆದುಕೊಂಡು ಬಿಸುಟ ಪುಡಿ ಸೈನೈಡ್ ದಿಬ್ಬಗಳಾಗಿ ನಿಂತಿದೆ. ಸಿನಿಮಾದವರು ಬಂದು ಹಾಡು ಚಿತ್ರೀಕರಿಸಿದ್ದಾರೆ. ಗಾಳಿಗಾಲದಲ್ಲಿ ಆ ಮರಳು ತಾನೇ ಮನೆಬಾಗಿಲಿಗೆ, ಒಣಹಾಕಿದ ಬಟ್ಟೆಗೆ, ಅನ್ನದ ತಟ್ಟೆಗೆ ಬಂದು ಸೇರುತ್ತದೆ. ನಾವೇ ಎದ್ದು ಹೋಗಬೇಕಾದ ಬೀಚು ಮಂಗಳೂರಿನದು. ಕಡಲತೀರಕ್ಕೆ ಲವಣ ಬೇಕೆಂದು ಹಠ ಹಿಡಿಯುವವರಿಗೆ, ಸೋಡಿಯಂ ಸೈನೈಡ್ ಕೂಡ ರಸಾಯನಶಾಸ್ತ್ರದ ಪ್ರಕಾರ ಒಂದು ಲವಣವೇ ಎಂದು ವಿನಯದಿಂದ ತಿಳಿಸಬಯಸುತ್ತೇವೆ.

ಪಶ್ಚಿಮ ಪಂಥವನ್ನು ನಿಜವಾಗಿ ಮುಗಿಸಿದವರು ಮಾತ್ರ ಮೈನಿಂಗ್ ತಾತ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲು 57 ಸುರಂಗಗಳನ್ನು ಹಾಯುತ್ತದೆ ಎಂದು ಭಾವ ಕಣ್ಣರಳಿಸಿ ವರ್ಣಿಸುತ್ತಿದ್ದರು. ತಾತ ಬೀಡಿ ಆರಿಸಿ, “ರೈಲಲ್ಲಿ ಕೂತ್ಕೊಂಡಾ?” ಎಂದರು. ಆಮೇಲೆ ಲೆಕ್ಕ ಹಾಕಿದೆವು. ಕೆಜಿಎಫ್ ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರ. ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3,200 ಮೀಟರ್. ಅಂದರೆ ಕೇಜಿನಲ್ಲಿ ನಿಂತು ಕೆಳಗಿಳಿದವರು ಸಮುದ್ರಮಟ್ಟವನ್ನು ದಾರಿಯಲ್ಲೇ ದಾಟಿ, ಇನ್ನೂ ಎರಡು ಕಿಲೋಮೀಟರಿಗೂ ಹೆಚ್ಚು ಇಳಿಯುತ್ತಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ತಾತನ ಪ್ರವಾಸ ದಿನಕ್ಕೊಂದು ಪಾಳಿ.

“ಕೆಳಗೆ ಉಪ್ಪುನೀರು ಇತ್ತಾ ತಾತಾ?” ಎಂದು ನಮ್ಮ ಹುಡುಗ ಕೇಳಿದ.

“ಇತ್ತಪ್ಪ. ಬೆನ್ ಮೇಲೆ.”

ಆ ರಾತ್ರಿ ಹಸ್ತಪ್ರತಿಯಲ್ಲಿ ಏನೂ ಬರೆದಿಲ್ಲ, ಹಾಲಿನ ಲೆಕ್ಕವೂ ಸೇರಿದಂತೆ.

ಇನ್ನು ಉಳಿದದ್ದು ಪೂರ್ವನಿದರ್ಶನದ ಪ್ರಶ್ನೆ: ಈ ಸೀಮೆಯಿಂದ ಯಾರಾದರೂ ಕರಾವಳಿಗೆ ಹೋದದ್ದುಂಟೆ? ಒಬ್ಬಳಿದ್ದಾಳೆ. ನಂದಿಬೆಟ್ಟದ ಮಗ್ಗುಲಲ್ಲಿ ಹುಟ್ಟಿದ ಪಾಲಾರ್, ಕೋಲಾರ ಸೀಮೆ ಹಾದು ಬಂಗಾಳ ಕೊಲ್ಲಿಗೆ ಹೊರಟವಳು. ಆದರೆ ಬೇತಮಂಗಲದಲ್ಲಿ ಕೆರೆ ಕಟ್ಟಿ ಅವಳನ್ನು ನಿಲ್ಲಿಸಿ, ಆ ನೀರನ್ನು ಗಣಿ ಊರಿಗೆ ಕುಡಿಸಿದ್ದೂ ನಮ್ಮವರೇ. ಬಹಳ ವರ್ಷ ಅವಳೂ ನಮ್ಮಂತೆ ಹೊರಡುವ ಮಾತಿನಲ್ಲೇ ಇದ್ದಳು. 2021ರ ನವೆಂಬರಿನಲ್ಲಿ ಮಳೆ ಬಿಟ್ಟೂಬಿಡದೆ ಹೊಯ್ದು, ಪಾಲಾರ್ ವೇಲೂರಿನ ಕಡೆ ದಡ ಮೀರಿ ಹರಿದಳೆಂದು ಟಿವಿಯಲ್ಲಿ ತೋರಿಸುವಾಗ ಅತ್ತೆ ಹೆಮ್ಮೆಯಿಂದ ಎದ್ದು ಕೂತರು.

“ನೋಡಿದ್ಯಾ? ಹೋಗೋದಾದ್ರೆ ಪೂರ್ವಕ್ಕೇ ಹೋಗೋದು.”

ಭಾವ ಕ್ಯಾಲೆಂಡರ್ ತಿರುಗಿಸಿ ಪೆನ್ನು ಹುಡುಕತೊಡಗಿದರು.