ಮಣ್ಣು ತಿನ್ನುವ ಪದವಿ

ಭೂಗೋಳದಲ್ಲಿ ಎಂ.ಎಸ್ಸಿ. ಎಂದರೆ ದೇಶಗಳ ರಾಜಧಾನಿ ಬಾಯಿಪಾಠ ಮಾಡುವುದು ಎಂದು ನಂಬಿದ ನೆಂಟರು ಇನ್ನೂ ಇದ್ದಾರೆ. ಪ್ರಾಕೃತಿಕ ಭೂಗೋಳದ ಹುಡುಗರು ನಿಜಕ್ಕೂ ಏನು ಮಾಡುತ್ತಾರೆ ಗೊತ್ತೇ? ಮಣ್ಣು ತಿನ್ನುತ್ತಾರೆ! ಒಂದು ಚಿಟಿಕೆಯನ್ನು ಮುಂಬಲ್ಲಿಗೆ ಕೊಟ್ಟು ನೋಡುವುದು. ಕರಕರ ಎಂದರೆ ಮರಳು, ಸಣ್ಣಗೆ ನರನರ ಎಂದರೆ ಗೋಡು, ಏನೂ ಸದ್ದಿಲ್ಲದೆ ನುಣ್ಣಗೆ ಅಂಟಿದರೆ ಜೇಡಿ. ಚಿಕ್ಕಂದಿನಲ್ಲಿ ಇದಕ್ಕೇ ಏಟು ತಿಂದವರಿಗೆ ಈಗ ಇಂಟರ್ನಲ್ ಮಾರ್ಕ್ಸು. ಬಾಯಿ ತೆರೆದು ಬ್ರಹ್ಮಾಂಡ ತೋರಿಸಬೇಕಾಗಿಲ್ಲ, ರೆಕಾರ್ಡ್ ಬುಕ್ ತೋರಿಸಿದರೆ ಸಾಕು.

ಹೊಳೆಯ ವೇಗ ಅಳೆಯಲು ಕಿತ್ತಳೆ ಹಣ್ಣು ಬೇಕು. 10 ಮೀಟರ್ ತೇಲಲು ಎಷ್ಟು ಸೆಕೆಂಡ್ ಹಿಡಿಯಿತೆಂದು ನೋಡಿ ವೇಗ ಲೆಕ್ಕಹಾಕುತ್ತಾರೆ. ಮೇಲಿನ ನೀರಿಗೆ ಅವಸರ ಜಾಸ್ತಿ, ತಳದ ನೀರು ಕಲ್ಲುಗಳಿಗೆ ಉಜ್ಜಿಕೊಂಡು ನಿಧಾನ. ಹಾಗಾಗಿ ಬಂದ ಉತ್ತರವನ್ನು ಸುಮಾರು 0.85ರಿಂದ ಗುಣಿಸಬೇಕು. ಕಿತ್ತಳೆಯೇ ಏಕೆ? ಬಹುಪಾಲು ಮುಳುಗಿ ತೇಲುತ್ತದೆ, ಗಾಳಿ ಅಷ್ಟಾಗಿ ತಳ್ಳುವುದಿಲ್ಲ, ದೂರಕ್ಕೂ ಬಣ್ಣ ಕಾಣುತ್ತದೆ. ಮೇಷ್ಟ್ರು ಹೇಳದ ಕಾರಣ: ಉಳಿದದ್ದನ್ನು ತಿನ್ನಬಹುದು.

ಲ್ಯಾಬಿನದು ಬೇರೆಯೇ ತಪಸ್ಸು. ಉದ್ದನೆಯ ಗಾಜಿನ ಜಾಡಿಯ ನೀರಿನಲ್ಲಿ ಮಣ್ಣು ಕದಡಿದರೆ ಮರಳು ನಿಮಿಷದೊಳಗೆ 10 ಸೆಂಟಿಮೀಟರ್ ಇಳಿದಿರುತ್ತದೆ. ಅಷ್ಟೇ ದೂರ ಇಳಿಯಲು 0.002 ಮಿಲಿಮೀಟರಿನ ಜೇಡಿಕಣಕ್ಕೆ, 20 ಡಿಗ್ರಿ ಉಷ್ಣತೆಯಲ್ಲಿ, ಸುಮಾರು 8 ಗಂಟೆ ಬೇಕು. ಕಣ ಸಣ್ಣದಾದಷ್ಟೂ ಇಳಿಯುವುದು ನಿಧಾನ ಎನ್ನುವ ಸ್ಟೋಕ್ಸ್ ನಿಯಮವದು, ವಶೀಲಿ ನಡೆಯುವುದಿಲ್ಲ. ಅಟೆಂಡರ್ ಮಾತ್ರ ಐದೂವರೆಗೆ ಬೀಗ ಜಡಿಯುತ್ತಾರೆ. ಆದ್ದರಿಂದ ಹೊಸದಾಗಿ ಸೇರಿದವರೇ, ಕಾಫಿ ಆಮೇಲೆ ಕುಡಿಯಿರಿ. ಜಾಡಿಯನ್ನು ಬೆಳಿಗ್ಗೆ ಒಂಬತ್ತಕ್ಕೇ ಕದಡಿಡಿ.